ಹಗ್ಗ ತಿರುಗಿತು ಎನ್ನುತ್ತಿದ್ದ ಚೇಚಿ

"ಬರೀತೀಯಾ? ಬರಿ. ಆದರೆ ನಿಮ್ಮ ಕನ್ನಡದಲ್ಲೇ ಬರಿ. ನಮ್ಮ ಕ್ಲಬ್ಬಿನಲ್ಲಿ ಒಬ್ಬಳಿಗೂ ಅದನ್ನ ಓದೋಕೆ ಬರಲ್ಲ. ಹೆಸರು ಮಾತ್ರ ಹಾಕಬೇಡ," ಅಂದರು ಚೇಚಿ, ಹೋದ ತಿಂಗಳು ನಾನು ತಿರುವನಂತಪುರಕ್ಕೆ ಅವರನ್ನು ನೋಡಲು ಹೋಗಿದ್ದಾಗ. ಅದಕ್ಕೇ ಇಲ್ಲಿ ಅವರಿಗೆ ಹೆಸರಿಲ್ಲ. ಚೇಚಿ ಅಂದರೆ ಮಲಯಾಳದಲ್ಲಿ ಅಕ್ಕ. ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವರು. ನಾವಿಬ್ಬರೂ ಮಾತಾಡುವುದು ಮಲಯಾಳದಲ್ಲೇ. ನಾನು ಅದನ್ನು ನನ್ನ ಮಾತಿಗೆ ತಂದು ಬರೆಯುತ್ತಿದ್ದೇನೆ. ಐದನೇ ಕ್ಲಾಸಿನವಳ ಬರವಣಿಗೆ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೊದಲು ನನ್ನ ಮೊಮ್ಮಗಳ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆ ಒಡೆದುಹೋಗುತ್ತೆ. ನಿಧಿ. ಕಳಮಶ್ಶೇರಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಈ ಬೇಸಿಗೆಯಲ್ಲಿ ಹಿಮಾಲಯಕ್ಕೆ ಹೋಗಿ, ಇಪ್ಪತ್ತು ದಿನ ಟೆಂಟಿನಲ್ಲಿ ಮಲಗಿ, ಹಗ್ಗ ಕಟ್ಟಿಕೊಂಡು ಹಿಮದ ಗುಡ್ಡ ಹತ್ತಿ ಬಂದಿದ್ದಾಳೆ! ಅವಳು ಹಿಮದ ಮೇಲೆ ನಿಂತ ಫೋಟೊವನ್ನು ನಾನು ಕೊಚ್ಚಿಯ ನಮ್ಮ ಎಡಪ್ಪಳ್ಳಿಯಲ್ಲಿ ಯಾರಿಗೆ ತೋರಿಸಿಲ್ಲ ಹೇಳಿ. ತರಕಾರಿಯವನಿಗೆ ತೋರಿಸಿದೆ, ಫ್ಲಾಟಿನ ಸೆಕ್ಯುರಿಟಿಗೆ ತೋರಿಸಿದೆ. ಮೆಟ್ರೋದಲ್ಲಿ ಪಕ್ಕ ಕೂತಿದ್ದ ಗುರುತಿಲ್ಲದ ಹೆಂಗಸಿಗೂ ತೋರಿಸಿದೆ. ಅವಳು "ಯಾವ ಮಾಲಿನಲ್ಲಿ ತೆಗೆಸಿದ್ದು?" ಅಂದಳು. ಇಲ್ಲಿನ ಮಾಲುಗಳಲ್ಲಿ ಸುಳ್ಳು ಹಿಮ ಸುರಿಸಿ ಫೋಟೊ ತೆಗೆಯುತ್ತಾರಂತೆ. ನನಗೆ ಬಂದ ಸಿಟ್ಟಿಗೆ ಎದ್ದು ಬೇರೆ ಸೀಟಿಗೆ ಹೋಗಿ ಕೂತೆ.

ಆ ನಿಧಿಯೇ ಹಟ ಹಿಡಿದಳು. "ಅಜ್ಜೀ, ನಿನ್ನನ್ನ ಬೆಟ್ಟ ಹತ್ತಿಸಿದ ಚೇಚಿಯನ್ನ ನಾನು ನೋಡಲೇಬೇಕು." ಅವಳಿಗೆ ಕನ್ನಡ ಅರ್ಥವಾಗುತ್ತೆ, ಬಾಯಿಂದ ಬರುವುದು ಮಲಯಾಳ. ನಾನು ಇಂದು ನಾಳೆ ಅಂತ ಮುಂದೂಡಿದೆ. ನನಗೆ ಚೇಚಿಯ ಮುಂದೆ ನಿಲ್ಲುವ ಮುಖವಿರಲಿಲ್ಲ. ಇಪ್ಪತ್ತಾರು ವರ್ಷದ ಕೆಳಗೆ, ಅವರ ಒಂದೇ ಒಂದು ದೊಡ್ಡ ಬೆಟ್ಟದ ತುದಿ ಕೈತಪ್ಪಿ ಹೋಗಿತ್ತು. ನನ್ನ ಕಾಲಿನಿಂದ. ಹಾಗಂತ ನಾನೂ ನಂಬಿದ್ದೆ, ಕ್ಲಬ್ಬಿನ ಎಲ್ಲರೂ ನಂಬಿದ್ದರು. "ಚೇಚೀ, ನನ್ನನ್ನ ಕ್ಷಮಿಸಿದ್ದೀರಾ?" ಅಂತ ಒಂದು ಸಲ ಕೇಳಬೇಕಿತ್ತು. ಅದನ್ನೂ ಕೇಳಿರಲಿಲ್ಲ. ಅವರಿಗೆ ಎಪ್ಪತ್ತೆಂಟಾಯಿತು. ಎರಡೂ ಮಂಡಿ ಆಪರೇಷನ್ ಆಗಿ, ತಿರುವನಂತಪುರದ ಉಳ್ಳೂರಿನಲ್ಲಿ ತಂಗಿಯ ಮಗಳ ಮನೆಯಲ್ಲಿದ್ದರು. ಇನ್ನು ಯಾವಾಗ ಕೇಳೋದು?

ಚೇಚಿ ನನಗೆ ಸಿಕ್ಕಿದ್ದು ಒಂದು ಪಿಕ್‌ನಿಕ್ಕಿನಲ್ಲಿ. ನಮ್ಮ ಯಜಮಾನರು ಬ್ಯಾಂಕಿನ ಗುಮಾಸ್ತರು. ಕೊಚ್ಚಿಗೆ ವರ್ಗವಾಗಿ ಬಂದ ಹೊಸತು, ನನಗೆ ಮಲಯಾಳ ಆಗಷ್ಟೇ ತೊದಲು ತೊದಲಾಗಿ ಬರುತ್ತಿತ್ತು. ಆಫೀಸುಗಳ ಸಂಸಾರವೆಲ್ಲ ಸೇರಿ ಒಂದು ಬಂಡೆಗುಡ್ಡಕ್ಕೆ ಹೋಗಿದ್ದೆವು. ಯಾರದೋ ಮಗುವಿನ ಟೋಪಿ ಗಾಳಿಗೆ ಹಾರಿ ಬಂಡೆಯ ಮೇಲೆ ಹೋಗಿ ಕೂತಿತು. ಗಂಡಸರೆಲ್ಲ ಕೆಳಗೆ ನಿಂತು ಕೋಲು ತರುವುದೋ ಏಣಿ ತರುವುದೋ ಅಂತ ಮೀಟಿಂಗ್ ಮಾಡುತ್ತಿದ್ದರು. ನಾನು ಚಪ್ಪಲಿ ಬಿಟ್ಟು, ಸೀರೆ ಎತ್ತಿಕಟ್ಟಿ, ಹತ್ತಿ ತಂದುಕೊಟ್ಟೆ. ನಮ್ಮ ಅರಸೀಕೆರೆ ಕಡೆ ಬಂಡೆಗಳಲ್ಲಿ ಮೇಕೆಯ ಹಿಂದೆ ಓಡಾಡಿ ಬೆಳೆದವಳು ನಾನು, ಅದೇನು ದೊಡ್ಡ ವಿಷಯ?

ಕೆಳಗಿಳಿದರೆ ಒಬ್ಬ ಗಿಡ್ಡ ಹೆಂಗಸು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಇಸ್ತ್ರಿ ಮಾಡಿದ ಪ್ಯಾಂಟು. ಕನ್ನಡಕಕ್ಕೆ ಶೂ ಲೇಸ್ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು.

"ಶನಿವಾರ ಬೆಳಿಗ್ಗೆ ಆರಕ್ಕೆ ಬಾ," ಅಂದರು.

"ಎಲ್ಲಿಗೆ?"

"ಬೆಟ್ಟ ಹತ್ತೋಕೆ. ಹೆಂಗಸರ ಕ್ಲಬ್ಬು ನಮ್ಮದು."

"ಅಯ್ಯೋ, ನಾನು ಓದಿದವಳಲ್ಲ. ಇಂಗ್ಲೀಷು ಬರಲ್ಲ."

"ಬೆಟ್ಟಕ್ಕೂ ಬರಲ್ಲ," ಅಂದರು.

ಅಷ್ಟೇ ನಮ್ಮ ಪರಿಚಯ.

ಚೇಚಿ ಕೆಲಸಕ್ಕಿದ್ದದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ದಿನವಿಡೀ ಕಿವಿಗೆ ಯಂತ್ರ ಹಾಕಿಕೊಂಡು "ಹೋಲ್ಡ್ ಮಾಡಿ, ಹೋಲ್ಡ್ ಮಾಡಿ" ಅನ್ನುವ ಕೆಲಸ. ಬಂಡೆಯ ಮೇಲೂ ಅದೇ ದನಿ. ಮೇಲಿನಿಂದ ಹಗ್ಗ ಬಿಗಿಹಿಡಿದು "ಹೋಲ್ಡ್ ಮಾಡೀ!" ಅಂತ ಕೂಗಿದರೆ, ಯಾವುದೋ ದೂರದೂರಿಗೆ ಟ್ರಂಕ್ ಕಾಲ್ ಹಾಕಿದ ಹಾಗಿರುತ್ತಿತ್ತು. ಮದುವೆಯಾಗಿರಲಿಲ್ಲ. ಯಾಕೆ ಅಂತ ಯಾರಾದರೂ ಕೇಳಿದರೆ "ಲೈನ್ ಸಿಗಲಿಲ್ಲ" ಅನ್ನುತ್ತಿದ್ದರು.

ಹತ್ತುವ ಮುಂಚೆ ಚೇಚಿ ಎಲ್ಲರ ಕಾಲಿನ ಉಗುರು ನೋಡುತ್ತಿದ್ದರು. ಉಗುರು ಉದ್ದವಿದ್ದರೆ ಇಳಿಯುವಾಗ ಬೂಟಿನ ಮೂತಿಗೆ ಹೊಡೆದು ಕಪ್ಪಾಗಿ ಬಿದ್ದುಹೋಗುತ್ತೆ. ನಮ್ಮ ಗುಂಪಿನಲ್ಲಿ ಆಡಿಟ್ ಆಫೀಸಿನ ಮೇಡಂ ಒಬ್ಬರಿದ್ದರು, ಅವರ ಸಹಿ ಕಂಡರೆ ಇಡೀ ಆಫೀಸು ನಡುಗುತ್ತಿತ್ತಂತೆ. ಅವರೂ ನಮ್ಮ ಸಾಲಿನಲ್ಲಿ ಕಾಲು ಚಾಚಿ ಕೂರಬೇಕು. ಚೇಚಿ ನೇಲ್ ಕಟರ್ ಹಿಡಿದು ಬಂದು, "ಇದೇನು ಮೇಡಂ, ಬೆರಳಿಗೆ ಒಂದೊಂದು ಸೌಟು ಕಟ್ಟಿದ್ದೀರಾ?" ಅಂತ ತಾವೇ ಕತ್ತರಿಸುತ್ತಿದ್ದರು. ಇನ್ನೊಬ್ಬರ ಕಾಲು ಮುಟ್ಟಲು ಅವರಿಗೆ ಯಾವ ಸಂಕೋಚವೂ ಇರಲಿಲ್ಲ. ಮೊದಲ ಸಲ ನನ್ನ ಒಡೆದ ಹಿಮ್ಮಡಿ ಹಿಡಿದುಕೊಂಡಾಗ ನಾನು ನಾಚಿಕೆಯಿಂದ ಕಾಲು ಎಳೆದುಕೊಂಡೆ. "ಇಲ್ಲಿರೋ ಅಷ್ಟೂ ಕಾಲಿನಲ್ಲಿ ಕೆಲಸ ಮಾಡಿದ ಕಾಲು ಇದೊಂದೇ," ಅಂತ ಮತ್ತೆ ಎಳೆದು ತೊಡೆಯ ಮೇಲಿಟ್ಟುಕೊಂಡರು.

ಎಲ್ಲರ ಸೊಂಟಕ್ಕೂ ಸೇರಿಸಿ ಕಟ್ಟುತ್ತಿದ್ದ ಅವರ ಹಗ್ಗಕ್ಕೆ ಎರಡು ಕಟ್ಟಳೆ ಇದ್ದವು. ಒಂದು, ನಿಧಾನದವಳು ಮುಂದೆ. ಗಟ್ಟಿಗರು ಅವಳ ಹಿಂದೆ ಅವಳ ಹೆಜ್ಜೆಗೇ ನಡೆಯಬೇಕು. ಎರಡನೆಯದು ಇನ್ನೂ ದೊಡ್ಡದು. ಯಾವತ್ತಾದರೂ ತುದಿ ಮುಟ್ಟದೆ ವಾಪಸ್ ಬಂದರೆ, ಯಾರಿಂದ ವಾಪಸಾದೆವು ಅಂತ ಯಾರೂ ಬಾಯಿ ಬಿಡುವ ಹಾಗಿಲ್ಲ. ಒಬ್ಬಳಿಗೆ ತಲೆಸುತ್ತು ಬಂದಿರಬಹುದು, ಇನ್ನೊಬ್ಬಳ ಬೂಟು ಕಿತ್ತಿರಬಹುದು. ಕೇಳಿದವರಿಗೆ ಒಂದೇ ಉತ್ತರ: "ಹಗ್ಗ ತಿರುಗಿತು." ಗಂಡಂದಿರಿಗೂ ಅದೇ ಉತ್ತರ, ಪೇಪರಿನವರಿಗೂ ಅದೇ. ಹೊಸಬಳೊಬ್ಬಳು "ಇವಳಿಗೆ ಸೊಂಟ ಹಿಡೀತು, ಅದಕ್ಕೇ..." ಅಂತ ಶುರು ಮಾಡಿದರೆ ಚೇಚಿ ಮೋಳೇ, ಅಂದರೆ ಮಗಳೇ, ಅಂತ ಅಲ್ಲೇ ತಡೆಯುತ್ತಿದ್ದರು. "ಸೊಂಟ ತಿರುಗಲಿಲ್ಲ ಮೋಳೇ. ಹಗ್ಗ ತಿರುಗಿತು."

ಹಿಮಾಲಯಕ್ಕೆ ಹೋಗೋಣ ಅಂತ ತೀರ್ಮಾನವಾದ ವರ್ಷ ನೆನೆದರೆ ಈಗಲೂ ನಗು ತಡೆಯಲಾಗಲ್ಲ. ನಾವು ಆರು ಜನ. ಒಬ್ಬಳೂ ಹಿಮ ಕಂಡವಳಲ್ಲ. ಕೊಚ್ಚಿ ಅಂದರೆ ಸಮುದ್ರದ ಮಟ್ಟ, ಬೆವರು ಬಿಟ್ಟರೆ ಬೇರೆ ಋತುವಿಲ್ಲ. ಹಿಮದಲ್ಲಿ ಜಾರದಂತೆ ಬೂಟಿನ ಕೆಳಗೆ ಕಟ್ಟಿಕೊಳ್ಳುವ ಉಕ್ಕಿನ ಮುಳ್ಳುಗಳನ್ನು ಚೇಚಿ ಎಲ್ಲಿಂದಲೋ ಬಾಡಿಗೆಗೆ ತಂದರು. ಅಭ್ಯಾಸ ಎಲ್ಲಿ ಮಾಡೋದು? ಚೇಚಿ ನಮ್ಮನ್ನು ಹಾರ್ಬರಿನ ಹತ್ತಿರ ಮೀನಿಗೆ ಐಸು ಮಾಡುವ ಫ್ಯಾಕ್ಟರಿಗೆ ಕರೆದುಕೊಂಡು ಹೋದರು!

ಮುದಲಾಳಿ, ಅಂದರೆ ಫ್ಯಾಕ್ಟರಿಯ ಯಜಮಾನ, ಒಪ್ಪಲೇ ಇಲ್ಲ. "ಇದು ಮೀನಿಗೆ ಮಾಡಿದ ಐಸು. ಹೆಂಗಸರು ಕುಣಿಯೋಕಲ್ಲ."

"ನಾವು ಕುಣಿಯಲ್ಲ, ನಡೀತೀವಿ," ಅಂದರು ಚೇಚಿ. "ನಾಳೆ ಹಿಮಾಲಯದಲ್ಲಿ ಜಾರಿ ಬಿದ್ದರೆ, ಕೊಚ್ಚಿಯಲ್ಲಿ ಐಸು ಕೇಳಿದಾಗ ಕೊಡಲಿಲ್ಲ ಅಂತ ನಿಮ್ಮ ಹೆಸರು ಹೇಳ್ತೀನಿ."

ಆತ ಹಾಸಿಗೆಯಷ್ಟು ಉದ್ದದ ಐಸಿನ ದಿಮ್ಮಿಗಳನ್ನು ಜೋಡಿಸಿ ಕೊಟ್ಟ. ಮೀನಿನ ವಾಸನೆಗೇ ಓಡಿಹೋಗುವವಳು ನಾನು, ಮೂಗಿಗೆ ಸೆರಗು ಕಟ್ಟಿ, ಕಾಲಿಗೆ ಮುಳ್ಳು ಕಟ್ಟಿ ಹತ್ತಿದೆ. ಆಡಿಟ್ ಮೇಡಂ ಹತ್ತಿದ ದಿಮ್ಮಿ ಎರಡು ಹೋಳಾಯಿತು. ಕೆಲಸದವರೆಲ್ಲ ಬುಟ್ಟಿ ಇಳಿಸಿ ಚಪ್ಪಾಳೆ ತಟ್ಟಿದರು. ವಾಪಸ್ ಬರುವಾಗ ಬಸ್ಸಿನ ಕಂಡಕ್ಟರ್ ನಮ್ಮ ಹತ್ತಿರ ಬಂದು ಮೂಗು ಹಿಡಿದು, "ಬುಟ್ಟಿ ಎಲ್ಲಿಟ್ಟಿದ್ದೀರಿ? ಬುಟ್ಟಿಗೆ ಬೇರೆ ಟಿಕೆಟ್ಟು," ಅಂದ. ಚೇಚಿ ಗಂಭೀರವಾಗಿ, "ಎಲ್ಲ ಮಾರಿಬಿಟ್ವಿ," ಅಂದರು.

ಹಿಮಕ್ಕೆ ಹೋದ ಮೇಲೆ ಮಾಡಿದ ತಪ್ಪು ಕೇಳಿ. ಆರು ಜನವೂ ಒಬ್ಬರಿಗೊಬ್ಬರು ಹೇಳದೆ ಒಂದೊಂದು ದೊಡ್ಡ ಬಾಟಲಿ ಕೊಬ್ಬರಿ ಎಣ್ಣೆ ಹೊತ್ತುಕೊಂಡು ಬಂದಿದ್ದೆವು! ಚಳಿಗೆ ಚರ್ಮ ಒಡೆದರೆ ಇನ್ನೇನು ಹಚ್ಚೋದು, ಕೇರಳದಲ್ಲಿದ್ದು ಅಷ್ಟೂ ಗೊತ್ತಿಲ್ಲವಾ? ಟೆಂಟಿನಲ್ಲಿ ಬಿಚ್ಚಿ ನೋಡಿದರೆ ಆರೂ ಬಾಟಲಿ ಮೇಣದ ಬತ್ತಿ. ತಲೆಕೆಳಗು ಮಾಡಿದರೂ ಒಂದು ತೊಟ್ಟು ಬರಲಿಲ್ಲ. ಚೇಚಿ ಬಾಟಲಿ ಕುಯ್ದು, ಎಣ್ಣೆಯನ್ನು ಬೆಣ್ಣೆಯ ಹಾಗೆ ಹೆರೆದು ಎಲ್ಲರ ಮುಖಕ್ಕೂ ಬಳಿದರು, ತಾವೂ ಬಳಿದುಕೊಂಡರು. ಮಾರನೆಯ ದಿನ ಹಿಮದ ಬಿಸಿಲು ಹೊಡೆಯಿತು ನೋಡಿ, ಅಪ್ಪಳ ಕರಿದ ಹಾಗೆ ಆರು ಮುಖವೂ ಕರಿದುಹೋದವು. ನಮ್ಮ ಜೊತೆಗಿದ್ದ ಅಲ್ಲಿನ ಗೈಡು ಹೊಟ್ಟೆ ಹಿಡಿದುಕೊಂಡು ನಕ್ಕ. ಎರ್ನಾಕುಳಂ ಸ್ಟೇಷನ್ನಿಗೆ ಬಂದಿದ್ದ ನಮ್ಮ ಯಜಮಾನರು ನನ್ನನ್ನು ದಾಟಿಕೊಂಡು ಮುಂದೆ ಹೋಗಿ ನನ್ನನ್ನೇ ಹುಡುಕುತ್ತಿದ್ದರು.

ಇನ್ನು ಆ ದಿನ.

ನಸುಕಿನಲ್ಲಿ ಹೊರಟಿದ್ದೆವು. ಹಗ್ಗದಲ್ಲಿ ಗೈಡಿನ ಹಿಂದೆ ನಾನು, ನಿಧಾನದವಳು ಅಂತ. ನನ್ನ ಹಿಂದೆ ಚೇಚಿ. ಅವರ ಹಿಂದೆ ಮೇಡಂ ಮತ್ತು ಉಳಿದವರು. ಬೆಳಗಿನ ಒಂಬತ್ತರ ಹೊತ್ತಿಗೆ ತುದಿ ಕಂಡಿತು. ಅದರ ಮುಂಚೆ ಒಂದು ಏಣು, ಎರಡು ಕಡೆಯೂ ಇಳಿಜಾರು, ನಡುವೆ ಒಬ್ಬರು ನಡೆಯುವಷ್ಟು ಅಗಲದ ಹಿಮ. ಕಲ್ಲುಗುಡ್ಡದ ನೆತ್ತಿಯಲ್ಲಿ ಮೇಕೆ ಹೋಗುವ ದಾರಿಯ ಹಾಗೇ ಇತ್ತು. ನನ್ನ ಎದೆ ಡವಡವ ಅನ್ನುತ್ತಿತ್ತು, ಉಸಿರು ತಿದಿಯ ಹಾಗೆ. ಆದರೆ ಕಾಲು ನಡೆಯುತ್ತಿತ್ತು. ನಾಲ್ಕು ಹೆಜ್ಜೆ ಇಟ್ಟಿರಬಹುದು, ಹಿಂದಿನಿಂದ ಹಗ್ಗ ಬಿಗಿಯಿತು.

ತಿರುಗಿ ನೋಡಿದೆ. ಚೇಚಿ ನಿಂತಿದ್ದರು. ಅವರ ಹಿಂದೆ ಎಲ್ಲರೂ.

"ಇವಳಿಂದ ಆಗಲ್ಲ," ಅಂದರು ಚೇಚಿ, ಎಲ್ಲರಿಗೂ ಕೇಳುವ ಹಾಗೆ. "ತಿರುಗೋಣ."

"ನಡೀತೀನಿ ಚೇಚಿ," ಅಂದೆ.

"ಮತಿ," ಅಂದರು. ಸಾಕು ಅಂತ.

ಕೆಳಗಿಳಿದು ಬಂದು ಎಲ್ಲರೂ ಸೂಪು ಕುಡಿದೆವು. ಯಾರೂ ಹಗ್ಗ ತಿರುಗಿತು ಅನ್ನಲಿಲ್ಲ. ಯಾಕೆಂದರೆ ಚೇಚಿಯೇ ಹೇಳಿಬಿಟ್ಟಿದ್ದರಲ್ಲ, ಯಾರಿಂದ ಅಂತ. ಅಷ್ಟು ವರ್ಷದಲ್ಲಿ ಒಬ್ಬಳ ಹೆಸರೂ ಎತ್ತದವರು ನನ್ನದನ್ನು ಎತ್ತಿದ್ದರು. ಅಂದರೆ ನಾನು ಅಷ್ಟು ಕೆಟ್ಟದಾಗಿ ನಡೆದಿದ್ದೆನೇನೋ ಅಂತ ನನ್ನ ಲೆಕ್ಕ. ಮಾರನೆಯ ವರ್ಷ ಚೇಚಿಯ ಮಂಡಿ ಹೋಯಿತು. ಆಮೇಲೆ ಅವರ ತಾಯಿ ಹಾಸಿಗೆ ಹಿಡಿದರು, ಕೆಲಸ ಬಿಟ್ಟು ತಿರುವನಂತಪುರಕ್ಕೆ ಹೋದರು. ಹಿಮ ಮತ್ತೆ ಮುಟ್ಟಲಿಲ್ಲ. ಕ್ಲಬ್ಬಿನವರು ವರ್ಷಕ್ಕೊಮ್ಮೆ ಊಟಕ್ಕೆ ಸೇರುತ್ತಿದ್ದೆವು, ಚೇಚಿಯೂ ರೈಲು ಹತ್ತಿ ಬರುತ್ತಿದ್ದರು. ಮೇಡಂ ನನ್ನನ್ನು ಕಂಡ ತಕ್ಷಣ, "ಬಂದಳು ನೋಡಿ, ನಮ್ಮ ಶಿಖರಕ್ಕೆ ಅಡ್ಡಗಾಲು ಹಾಕಿದವಳು," ಅನ್ನುವರು. ತಮಾಷೆಗೇ. ಎಲ್ಲರೂ ನಗುವರು. ಚೇಚಿ ಮಾತ್ರ ತಟ್ಟೆ ನೋಡಿಕೊಂಡು ಊಟ ಮಾಡುವರು. ಅವರ ದುಃಖ ಇನ್ನೂ ಹೋಗಿಲ್ಲ ಅಂದುಕೊಂಡು, ಮೂರನೆಯ ವರ್ಷದಿಂದ ನಾನು ಹೋಗುವುದನ್ನೇ ನಿಲ್ಲಿಸಿದೆ. ಒಂದು ಸಲ ಜ್ವರ ಅಂದೆ, ಇನ್ನೊಂದು ಸಲ ನೆಂಟರು ಅಂದೆ. ಆಮೇಲೆ ಯಾರೂ ಕರೆಯಲಿಲ್ಲ.

ಹೋದ ತಿಂಗಳು ನಿಧಿ ನನ್ನನ್ನು ಕೇಳದೆ ಟಿಕೆಟ್ ತೆಗೆದಿದ್ದಳು. ಬೆಳಗಿನ ರೈಲಿನಲ್ಲಿ ಹೋದೆವು. ದಾರಿಯುದ್ದಕ್ಕೂ ನಾನು ಮಾತು ಜೋಡಿಸುತ್ತಿದ್ದೆ, ಹೇಗೆ ಶುರು ಮಾಡಲಿ, ಕಾಲು ಮುಟ್ಟಿ ಕೇಳಲೋ ಕೈ ಹಿಡಿದು ಕೇಳಲೋ ಅಂತ.

ಚೇಚಿ ಕುರ್ಚಿಯಲ್ಲಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು. ಮನೆಯಲ್ಲಿ ಉಡುವ ನೈಟಿಗೂ ಇಸ್ತ್ರಿ ಹಾಕಿದ್ದರು. ನನ್ನನ್ನು ನೋಡಿ "ದಪ್ಪಗಾಗಿದ್ದೀಯ" ಅಂದರು. "ನೀವು ಇನ್ನೂ ಗಿಡ್ಡಗಾಗಿದ್ದೀರಿ" ಅಂದೆ. ನಿಧಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋಟೊಗಳನ್ನೆಲ್ಲ ಒಂದೊಂದಾಗಿ ಹಿಗ್ಗಿಸಿ ನೋಡಿದರು. ಗಂಟು ಯಾರು ಕಟ್ಟಿದ್ದು, ಬೂಟು ಕಚ್ಚಿತಾ, ಅಂತ ನೂರು ಪ್ರಶ್ನೆ. ಒಂದು ಫೋಟೊ ಬಂತು, ಕಡಿದಾದ ಹಿಮದ ಏಣಿನ ಮೇಲೆ ನಿಧಿ ನಿಂತಿರುವುದು. ಚೇಚಿ ಅದನ್ನು ಬಹಳ ಹೊತ್ತು ನೋಡಿದರು.

"ಇಲ್ಲಿ ಹೆದರಿಕೆ ಆಗಲಿಲ್ವಾ?"

"ಆಗದೆ? ಕಾಲು ಏಳಲೇ ಇಲ್ಲ," ಅಂದಳು ನಿಧಿ. "'ಸಾರ್, ನನಗೆ ಭಯ ಆಗ್ತಿದೆ, ನನ್ನಿಂದ ಆಗಲ್ಲ' ಅಂತ ಕೂಗಿದೆ. ನಮಗೆ ಹತ್ತೋದು ಕಲಿಸೋ ಆ ಸಾರ್ ವಾಪಸ್ ಬಂದು, ಜೊತೆಯಲ್ಲಿ ನಡೆದು ದಾಟಿಸಿದರು."

"ಕೂಗಿದೆಯಾ? ಎಲ್ಲರ ಮುಂದೆ?"

"ಪಿನ್ನೆ? ಮತ್ತಿನ್ನೇನು? ಹೇಳದೆ ಹೇಗೆ ಗೊತ್ತಾಗಬೇಕು ಅವರಿಗೆ?"

ಚೇಚಿ ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು. "ಮೋಳೇ, ಒಳಗೆ ಹೋಗಿ ಮೂರು ಲೋಟ ಚಹಾ ಮಾಡಿಕೊಂಡು ಬರ್ತೀಯಾ? ನಿನ್ನಜ್ಜಿಗೆ ಸಕ್ಕರೆ ಜಾಸ್ತಿ ಹಾಕು," ಅಂದರು. ಅವಳು ಹೋದಳು.

ಇದೇ ಹೊತ್ತು ಅಂತ ನಾನು ಬಾಯಿ ತೆರೆದೆ. "ಚೇಚೀ, ಆವತ್ತು ನನ್ನಿಂದ..."

"ನಿನ್ನಿಂದ ಅಲ್ಲ," ಅಂದರು.

ನಾನು ಸಮಾಧಾನಕ್ಕೆ ಹೇಳುತ್ತಿದ್ದಾರೆ ಅಂದುಕೊಂಡೆ.

"ಕೇಳು. ಆ ಏಣು ನೋಡಿದ ತಕ್ಷಣ ನಾನು ಹೆದರಿಬಿಟ್ಟೆ. ನೀನು ಅದರ ಮೇಲೆ ನಡೆದುಬಿಟ್ಟೆ, ಹಿತ್ತಲಿಗೆ ಹೋಗೋ ಹಾಗೆ. ನನ್ನ ಕಾಲು ಒಂದಿಂಚು ಎದ್ದಿಲ್ಲ. ಹಿಂದೆ ನಾಲ್ಕು ಜನ ನನ್ನನ್ನೇ ನೋಡ್ತಿದ್ದಾರೆ. ನಾನು ಲೀಡರು. ನನ್ನಿಂದ ಆಗಲ್ಲ ಅನ್ನೋಕೆ ನಾಲಿಗೆ ಹೊರಳಲಿಲ್ಲ. ನಿನ್ನಿಂದ ಆಗಲ್ಲ ಅಂದೆ."

"ಹಗ್ಗ ತಿರುಗಿತು ಅನ್ನಬಹುದಿತ್ತಲ್ಲ ಚೇಚಿ?"

"ಅನ್ನಬಹುದಿತ್ತು. ಆದರೆ ನಾನು ನಿಂತಿದ್ದನ್ನ ಅವರು ಕಣ್ಣಾರೆ ನೋಡಿದ್ದರು, ಯಾಕೆ ಅಂತ ಮಾತ್ರ ಗೊತ್ತಿರಲಿಲ್ಲ. ನನ್ನ ಮೇಲಿನ ಕಣ್ಣು ನಿನ್ನ ಮೇಲೆ ಹೋಗಲಿ ಅಂತ..." ಕನ್ನಡಕ ಮಡಚಿ ಮಡಿಲಲ್ಲಿಟ್ಟುಕೊಂಡರು. "ಮೇಡಂ ಹೆಸರು ಹೇಳೋ ಧೈರ್ಯ ಇರಲಿಲ್ಲ. ನೀನು ತಿರುಗಿ ಮಾತಾಡಲ್ಲ ಅಂತ ಗೊತ್ತಿತ್ತು. ಊಟದ ದಿನ ಅವರೆಲ್ಲ ನಿನ್ನನ್ನ ಆಡಿಕೊಳ್ಳುವಾಗ ತಟ್ಟೆಯಿಂದ ತಲೆ ಎತ್ತೋಕೆ ಆಗ್ತಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಬೈಯೋದಿದ್ದರೆ ಬೈ."

ಸಿಟ್ಟು ಬರಲಿಲ್ಲವಾ ಅಂತ ಮನೆಗೆ ಬಂದ ಮೇಲೆ ಯಜಮಾನರು ಕೇಳಿದರು. ಬಂತು. ಎರಡು ದಿನ ಬಿಟ್ಟು, ಮಧ್ಯಾಹ್ನ ಬಟ್ಟೆ ಒಣಗಿಸುವಾಗ ಇದ್ದಕ್ಕಿದ್ದ ಹಾಗೆ ಬಂತು. ತಿರುಗಿ ಮಾತಾಡದವಳು ಅಂತ ನನ್ನನ್ನು ಆರಿಸಿಕೊಂಡರಲ್ಲ ಅಂತ. ಬಕೆಟ್ಟಿನಲ್ಲಿದ್ದ ಬಟ್ಟೆಯನ್ನು ಜಾಡಿಸಿದ ರಭಸಕ್ಕೆ ಯಜಮಾನರ ಅಂಗಿಯ ಗುಂಡಿ ಹಾರಿತು. ಅಷ್ಟು ವರ್ಷ ತಪ್ಪಿಹೋದ ಊಟಗಳು, ಆ ಸುಳ್ಳು ಜ್ವರ, ಸುಳ್ಳು ನೆಂಟರು. ಅದೇನು ಸುಮ್ಮನೆ ಹೋಗುತ್ತಾ? ಆಗಾಗ ಬರುತ್ತೆ, ಬಂದು ಹೋಗುತ್ತೆ. ಆದರೂ ಭಾನುವಾರ ಚೇಚಿ ಫೋನ್ ಮಾಡಿದರೆ ಮೊದಲನೇ ರಿಂಗಿಗೇ ಎತ್ತುತ್ತೇನೆ. ನನ್ನ ಒಡೆದ ಹಿಮ್ಮಡಿಯನ್ನು ತೊಡೆಯ ಮೇಲಿಟ್ಟುಕೊಂಡವರು ಅವರೇ. ನನ್ನ ಹೆಸರನ್ನು ಹಿಮದ ಮೇಲೆ ಬಿಸಾಕಿದವರೂ ಅವರೇ. ಎರಡೂ ಒಬ್ಬರೇ ಅಂತ ನನಗೆ ಈ ವಯಸ್ಸಿನಲ್ಲಿ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಆದರೆ ಆವತ್ತು ಆ ಉಳ್ಳೂರಿನ ರೂಮಿನಲ್ಲಿ ಸಿಟ್ಟು ಕೂರುವುದಕ್ಕೆ ಜಾಗವೇ ಇರಲಿಲ್ಲ. ನನ್ನ ತಲೆಯಲ್ಲಿ ಬೇರೆ ಒಂದು ಮಾತು ಎದ್ದು ನಿಂತಿತ್ತು.

"ಹಾಗಾದರೆ ನನ್ನ ಕಾಲು?" ಅಂದೆ.

"ನಿನ್ನ ಕಾಲಿಗೆ ಏನಾಗಿತ್ತು? ಚೆನ್ನಾಗೇ ಇತ್ತು. ನಿಧಾನ, ಅಷ್ಟೇ."

"ನಾನು... ನಡೆದಿದ್ದರೆ?"

"ಇನ್ನೊಂದು ಗಂಟೆಯಲ್ಲಿ ಮೇಲಿರುತ್ತಿದ್ದೆ," ಅಂದರು ಚೇಚಿ. "ಗೈಡೂ ಅದನ್ನೇ ಹೇಳಿದ. ಸೂಪು ಕುಡಿಯುವಾಗ ನನ್ನನ್ನ ಪಕ್ಕಕ್ಕೆ ಕರೆದು, 'ಮುಂದಿದ್ದವಳನ್ನ ಯಾಕೆ ತಿರುಗಿಸಿದಿರಿ?' ಅಂದ."

"ಇನ್ನೊಂದು ಸಲ ಹೇಳಿ."

"ಏನನ್ನ?"

"ಅದೇ. ಮೇಲಿರುತ್ತಿದ್ದೆ ಅಂದಿರಲ್ಲ, ಅದು."

ಹೇಳಿದರು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಚೇಚಿ ಗಾಬರಿಯಾಗಿ ನೀರಿನ ಲೋಟಕ್ಕೆ ಕೈ ಚಾಚಿದರು. ನನಗೆ ನೀರು ಬೇಕಿರಲಿಲ್ಲ. ಅರವತ್ತೇಳನೇ ವಯಸ್ಸಿನಲ್ಲಿ, ಎರಡು ಹೆರಿಗೆ, ಒಂದು ಕಣ್ಣಿನ ಪೊರೆ, ಇಷ್ಟೆಲ್ಲ ಆದ ಮೇಲೆ, ನಾನು ಆ ಬೆಟ್ಟ ಹತ್ತಬಲ್ಲವಳಾಗಿದ್ದೆ ಅಂತ ಗೊತ್ತಾದರೆ ಯಾರು ತಾನೇ ಸುಮ್ಮನೆ ಕೂರುತ್ತಾರೆ!

"ನಿಧೀ!" ಅಂತ ಕೂಗಿದೆ. "ಚಹಾ ಆಮೇಲೆ ಮಾಡು. ಬಾ ಇಲ್ಲಿ, ಬೇಗ!"

ಅವಳು ಕೈಯಲ್ಲಿ ಸೋಸಣಿಗೆ ಹಿಡಿದುಕೊಂಡೇ ಓಡಿಬಂದಳು. "ಏನಜ್ಜೀ? ಏನಾಯ್ತು?"

"ಇವಳ ಮುಂದೆ ಹೇಳಿ ಚೇಚೀ," ಅಂದೆ. "ಒಂದೇ ಒಂದು ಸಲ."

ಚೇಚಿ ಕುರ್ಚಿಯ ಕೈ ಹಿಡಿದು, ಮಂಡಿ ನೋಯುತ್ತಿದ್ದರೂ ಎದ್ದು ನಿಂತರು. ಕನ್ನಡಕ ಹಾಕಿಕೊಂಡರು. ಮಗುವಿಗೆ ಒಂದಕ್ಷರವೂ ತಪ್ಪದಿರಲಿ ಅಂತ ಬಿಡಿಸಿ ಬಿಡಿಸಿ ಮಲಯಾಳದಲ್ಲಿ, ಎಕ್ಸ್‌ಚೇಂಜಿನ ಆ ಹಳೇ ದನಿಯಲ್ಲಿ ಹೇಳಿದರು:

"ನಿಲ್ಲಿಸಿದ್ದು ನಾನು. ನಿನ್ನಜ್ಜಿ ಹತ್ತಿಬಿಡುತ್ತಿದ್ದಳು."